ಕೌಂಟಿ ಕೋರ್ಟಿನಲ್ಲಿ ಸಿಗದ ದಿವಾಳಿ ಕಡತ

ಪ್ರಶ್ನೆ: ನಾನು ಡೆನ್ವರ್‌ನಲ್ಲಿ ಕೆಲಸದಲ್ಲಿದ್ದೇನೆ. ಸ್ನೇಹಿತರೊಬ್ಬರ ಜೊತೆ ಸೇರಿ ಪಶ್ಚಿಮ ಕ್ಯಾನ್ಸಸ್‌ನ ಕಾಲ್ಬಿ ಕಡೆ, ಹೆದ್ದಾರಿಯ ಪಕ್ಕದ ಒಂದು ಹಳೆಯ ಮೋಟೆಲ್ಲನ್ನೂ ಅದರ ಹಿಂದಿನ ಸ್ವಲ್ಪ ಜಮೀನನ್ನೂ ಕೊಳ್ಳುವ ಮಾತುಕತೆ ನಡೆಸಿದ್ದೇನೆ. ಮಾರುತ್ತಿರುವವರು ಮೂರು ನಾಲ್ಕು ವರ್ಷದ ಹಿಂದೆ ಪಾಪರ್ ಆಗಿದ್ದರು ಎಂದು ಊರಿನಲ್ಲಿ ಕಾಫಿ ಕುಡಿಯುವಾಗ ಯಾರೋ ಹೇಳಿದರು. ಥಾಮಸ್ ಕೌಂಟಿಯ ಕೋರ್ಟಿಗೆ ಹೋಗಿ ಕೇಳಿದರೆ ಅಂಥ ದಾಖಲೆ ತಮ್ಮಲ್ಲಿ ಇಲ್ಲ ಎಂದರು. ಹಾಗಾದರೆ ಸುದ್ದಿ ಸುಳ್ಳೇ? ಅಂತರ್ಜಾಲದಲ್ಲಿ ಒಬ್ಬರು 40 ಡಾಲರ್ ಕೊಟ್ಟರೆ ಹುಡುಕಿಕೊಡುತ್ತೇವೆ ಎನ್ನುತ್ತಿದ್ದಾರೆ. ಕೊಡಬಹುದೇ?

ಉತ್ತರ: ಸುದ್ದಿ ಸುಳ್ಳೋ ನಿಜವೋ ಇನ್ನೂ ತಿಳಿದಿಲ್ಲ. ನೀವು ತಟ್ಟಿದ ಬಾಗಿಲು ಬೇರೆಯದು, ಅಷ್ಟೇ. ಅಮೆರಿಕದಲ್ಲಿ ದಿವಾಳಿ ಕಾನೂನು ಕೇಂದ್ರದ ವಿಷಯ. ಸಂವಿಧಾನದ ಮೊದಲ ವಿಧಿಯ ಎಂಟನೆಯ ಪ್ರಕರಣವೇ ಅದನ್ನು ಕಾಂಗ್ರೆಸ್ಸಿನ, ಅಂದರೆ ಅಲ್ಲಿಯ ಸಂಸತ್ತಿನ, ಕೈಗೆ ಕೊಟ್ಟಿದೆ. ದಿವಾಳಿ ಅರ್ಜಿಯನ್ನು ತೆಗೆದುಕೊಳ್ಳುವ ಅಧಿಕಾರ ಕೌಂಟಿ ಕೋರ್ಟಿಗೂ ಇಲ್ಲ, ರಾಜ್ಯದ ಕೋರ್ಟಿಗೂ ಇಲ್ಲ. ಇಡೀ ಕಾಲ್ಬಿಯೇ ಪಾಪರ್ ಆಗಿದ್ದರೂ ಆ ಗುಮಾಸ್ತೆ ನಿಮಗೆ ಕೊಡುತ್ತಿದ್ದ ಉತ್ತರ ಅದೇ. ಆಕೆ ಹೇಳಿದ್ದು ಅಕ್ಷರಶಃ ಸತ್ಯ. ಅದರಿಂದ ನಿಮಗೆ ಉಪಯೋಗವಾಗಲಿಲ್ಲ ಎನ್ನುವುದು ಬೇರೆ ಮಾತು.

ಈ ತಪ್ಪು ನಮ್ಮವರು ಮಾಡುವುದು ಸಹಜ. ಭಾರತದಲ್ಲಿ ನಮ್ಮ ಊರಿನ ಒಬ್ಬ ವ್ಯಕ್ತಿ ದಿವಾಳಿ ಅರ್ಜಿ ಹಾಕಿದರೆ ಅದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಅಡಿಯಲ್ಲಿ ಜಿಲ್ಲಾ ಮಟ್ಟದ ನ್ಯಾಯಾಲಯಕ್ಕೆ ಹೋಗುತ್ತದೆ. ಹಾಗಾಗಿ ಜಿಲ್ಲಾ ಕೇಂದ್ರದ ಕೋರ್ಟಿನ ಮೆಟ್ಟಿಲು ಹತ್ತುವುದೇ ನಮಗೆ ಅಭ್ಯಾಸ. ನಾನು ಇಲ್ಲಿ ವಕೀಲರ ಕಚೇರಿಯೊಂದರಲ್ಲಿ ದಾಖಲೆ ಹುಡುಕುವ ಕೆಲಸಕ್ಕೆ ಸೇರಿದ ಮೊದಲ ವಾರ ನಾನೂ ಹೀಗೆಯೇ ಒಂದು ಕೌಂಟಿಗೆ ಫೋನ್ ಮಾಡಿ, ಅತ್ತ ಕಡೆಯಿಂದ ಒಂದು ಕ್ಷಣ ಮೌನ ಕೇಳಿಸಿಕೊಂಡಿದ್ದೆ. ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ: ನಾನು ವಕೀಲನಲ್ಲ. ಕಡತ ಎಲ್ಲಿದೆ, ಅದರಲ್ಲಿ ಏನನ್ನು ನೋಡಬೇಕು ಎಂಬುದು ನನಗೆ ಗೊತ್ತು. ಕೊಳ್ಳಬೇಕೋ ಬೇಡವೋ ಎನ್ನುವುದನ್ನು ಕ್ಯಾನ್ಸಸ್‌ನ ವಕೀಲರೊಬ್ಬರ ಹತ್ತಿರ ಕೇಳಿ.

ಈಗ ಸರಿಯಾದ ಬಾಗಿಲು. ದೇಶದಲ್ಲಿ ಒಟ್ಟು 94 ಫೆಡರಲ್ ನ್ಯಾಯಾಂಗ ಜಿಲ್ಲೆಗಳಿವೆ. ಇವಕ್ಕೂ ಕೌಂಟಿಗಳಿಗೂ ಸಂಬಂಧವಿಲ್ಲ. ಟೆಕ್ಸಸ್‌ನಲ್ಲಿ ಇಂಥ ಜಿಲ್ಲೆಗಳು ನಾಲ್ಕು, ಮಿಸೌರಿಯಲ್ಲಿ ಎರಡು. ಅಲ್ಲಿಯ ಹಳ್ಳಿಯಾದರೆ ಯಾವ ಕೌಂಟಿ ಯಾವ ಜಿಲ್ಲೆಗೆ ಸೇರಿದೆ ಎಂದು ಮೊದಲು ನೋಡಿಕೊಳ್ಳಬೇಕಾಗುತ್ತಿತ್ತು. ನಿಮ್ಮ ಅದೃಷ್ಟಕ್ಕೆ ಕ್ಯಾನ್ಸಸ್‌ನ 105 ಕೌಂಟಿಗಳೂ ಸೇರಿ ಒಂದೇ ಜಿಲ್ಲೆ. ಅದರ ದಿವಾಳಿ ನ್ಯಾಯಾಲಯಕ್ಕೆ ವಿಚಿಟಾ, ಟೊಪೀಕಾ, ಕ್ಯಾನ್ಸಸ್ ಸಿಟಿ ಎಂದು ಮೂರು ಕಚೇರಿಗಳು. ಪ್ರಕರಣದ ಸಂಖ್ಯೆ ನೋಡಿದರೇ ಯಾವ ಕಚೇರಿ ಎಂದು ಗೊತ್ತಾಗುತ್ತದೆ. ಮೊದಲ ಎರಡು ಅಂಕಿ ವರ್ಷ. ಅಡ್ಡಗೆರೆಯ ನಂತರದ ಐದಂಕಿಯ ಸಂಖ್ಯೆ 1ರಿಂದ ಶುರುವಾದರೆ ವಿಚಿಟಾ, 2 ಆದರೆ ಕ್ಯಾನ್ಸಸ್ ಸಿಟಿ, 4 ಆದರೆ ಟೊಪೀಕಾ. ಹುಡುಕುವವರಿಗೆ ಮಾತ್ರ ಮೂರೂ ಒಂದೇ. ಒಂದು ಕಡೆ ಹುಡುಕಿದರೆ ಮೂರರ ದಾಖಲೆಯೂ ಬರುತ್ತದೆ.

ಈ ಕಡತಗಳನ್ನು ಯಾರು ಬೇಕಾದರೂ ನೋಡಬಹುದು. ದಿವಾಳಿ ಸಂಹಿತೆಯ 107ನೇ ಸೆಕ್ಷನ್ ಹೇಳುವುದು ಇಷ್ಟು: ಸಲ್ಲಿಸಿದ ಕಾಗದಗಳು ಸಾರ್ವಜನಿಕ ದಾಖಲೆ, ಸೂಕ್ತ ವೇಳೆಯಲ್ಲಿ ಯಾರು ಬಂದರೂ ಶುಲ್ಕವಿಲ್ಲದೆ ನೋಡಬಹುದು. ಏಕೆ ಕೇಳುತ್ತಿದ್ದೀರಿ ಎಂದು ಅವರು ಕೇಳುವಂತಿಲ್ಲ, ನೀವು ವಿವರಿಸಬೇಕಾಗಿಯೂ ಇಲ್ಲ. ನ್ಯಾಯಾಲಯದ ಕಚೇರಿಯಲ್ಲಿ ಸಾರ್ವಜನಿಕರಿಗೆಂದು ಕಂಪ್ಯೂಟರ್ ಇರುತ್ತದೆ. ಪರದೆಯ ಮೇಲೆ ಓದುವುದು ಉಚಿತ, ಮುದ್ರಿಸಿಕೊಂಡರೆ ಪುಟಕ್ಕೆ 10 ಸೆಂಟ್. ತೊಂದರೆ ಎಂದರೆ ದೂರ. ಕಾಲ್ಬಿಯಿಂದ ವಿಚಿಟಾಕ್ಕೆ ಕಾರಿನಲ್ಲಿ ನಾಲ್ಕು ಗಂಟೆಗೂ ಹೆಚ್ಚು. ಡೆನ್ವರ್‌ನಲ್ಲಿಯೂ ದಿವಾಳಿ ನ್ಯಾಯಾಲಯ ಇದೆಯಲ್ಲ ಎನ್ನಬೇಡಿ, ಅಲ್ಲಿಯ ಕಂಪ್ಯೂಟರ್ ತೋರಿಸುವುದು ಕೊಲರಾಡೋದ ಕಡತಗಳನ್ನು ಮಾತ್ರ.

ಹೀಗಾಗಿ ನಿಮಗೆ ಉಳಿದಿರುವುದು ಪೇಸರ್. ಫೆಡರಲ್ ನ್ಯಾಯಾಲಯಗಳ ವಿದ್ಯುನ್ಮಾನ ದಾಖಲೆಗಳಿಗೆ ಇರುವ ಸರ್ಕಾರಿ ವ್ಯವಸ್ಥೆ ಇದು. 1988ರಷ್ಟು ಹಳೆಯದು, ಮುಖವೂ ಹಾಗೆಯೇ ಇದೆ. ಖಾತೆ ತೆರೆಯುವುದಕ್ಕೆ ದುಡ್ಡಿಲ್ಲ. ಪುಟಕ್ಕೆ 10 ಸೆಂಟ್. ಒಂದು ದಾಖಲೆ ಎಷ್ಟೇ ಉದ್ದವಿದ್ದರೂ 3 ಡಾಲರ್‌ಗಿಂತ ಹೆಚ್ಚಾಗುವುದಿಲ್ಲ. ಮೂರು ತಿಂಗಳ ಅವಧಿಯಲ್ಲಿ ನಿಮ್ಮ ಲೆಕ್ಕ 30 ಡಾಲರ್ ದಾಟದಿದ್ದರೆ ಪೂರ್ತಿ ಮನ್ನಾ. ಆದರೆ 30 ದಾಟಿ ಹತ್ತು ಸೆಂಟ್ ಆದರೂ ಮನ್ನಾ ಹೋಯಿತು, ಇಡೀ ಮೊತ್ತ ಕಟ್ಟಬೇಕು. ಇನ್ನೂ ಒಂದು ತಮಾಷೆ ಇದೆ. ಹೆಸರು ಹಾಕಿ ಹುಡುಕಿ ಏನೂ ಸಿಗದಿದ್ದರೂ ಹತ್ತು ಸೆಂಟ್ ಹಾಕುತ್ತಾರೆ, ‘ಇಲ್ಲ’ ಎಂದು ಹೇಳಿದ ಪುಟವೂ ಒಂದು ಪುಟವೇ ಎಂಬ ಲೆಕ್ಕ. ಹೆಸರಿನ ಹುಡುಕಾಟಕ್ಕೆ 3 ಡಾಲರ್ ಮಿತಿಯೂ ಅನ್ವಯಿಸುವುದಿಲ್ಲ. ಬರೀ ‘ಸ್ಮಿತ್’ ಎಂದು ಹೊಡೆದರೆ ಪುಟಗಳ ಮೇಲೆ ಪುಟಗಳು ಬರುತ್ತವೆ, ಅಷ್ಟೂ ಲೆಕ್ಕಕ್ಕೆ ಸೇರುತ್ತವೆ. ಈ ಶುಲ್ಕ ನ್ಯಾಯವೇ ಎಂಬ ಜಗಳ ಹಳೆಯದು. ವಸೂಲು ಮಾಡಿದ್ದು ಹೆಚ್ಚಾಯಿತು ಎಂದು ಸರ್ಕಾರದ ಮೇಲೆಯೇ ಹೂಡಿದ್ದ ದಾವೆಯೊಂದು 12.5 ಕೋಟಿ ಡಾಲರ್ ರಾಜಿಯಲ್ಲಿ ಮುಗಿದು 2024ರಲ್ಲಿ ಅದಕ್ಕೆ ನ್ಯಾಯಾಲಯದ ಒಪ್ಪಿಗೆಯೂ ಸಿಕ್ಕಿತು. ನಿಮ್ಮ ಕೆಲಸಕ್ಕೆ ಹೇಗೂ ಹತ್ತು ಹದಿನೈದು ಡಾಲರ್ ದಾಟುವುದಿಲ್ಲ.

ಪೇಸರ್ ಒಳಗೆ ಹೋದ ಮೇಲೆ ನೇರವಾಗಿ ಕ್ಯಾನ್ಸಸ್‌ಗೆ ಹೋಗಬೇಡಿ. ಮೊದಲು ಇಡೀ ದೇಶವನ್ನು ಒಟ್ಟಿಗೆ ಹುಡುಕುವ ‘ಕೇಸ್ ಲೊಕೇಟರ್’ ತೆರೆಯಿರಿ. ಏಕೆಂದರೆ ಮೋಟೆಲ್ ಥಾಮಸ್ ಕೌಂಟಿಯಲ್ಲಿದೆ ಎಂದ ಮಾತ್ರಕ್ಕೆ ಅರ್ಜಿಯೂ ಕ್ಯಾನ್ಸಸ್‌ನಲ್ಲಿಯೇ ಇರಬೇಕೆಂದಿಲ್ಲ. ಅರ್ಜಿಗೆ ಮುಂಚಿನ 180 ದಿನಗಳಲ್ಲಿ ಹೆಚ್ಚಿನ ಕಾಲ ಸಾಲಗಾರ ಎಲ್ಲಿ ವಾಸವಾಗಿದ್ದ, ಅವನ ಮುಖ್ಯ ವ್ಯವಹಾರ ಅಥವಾ ಮುಖ್ಯ ಆಸ್ತಿ ಎಲ್ಲಿತ್ತು ಎಂಬುದರ ಮೇಲೆ ಜಿಲ್ಲೆ ತೀರ್ಮಾನವಾಗುತ್ತದೆ. ಮಾಲೀಕರು ಮೋಟೆಲ್ಲನ್ನು ಮ್ಯಾನೇಜರ್ ಕೈಗೆ ಬಿಟ್ಟು ಅರಿಜೋನಾದಲ್ಲಿ ಮನೆ ಮಾಡಿಕೊಂಡಿದ್ದರೆ ಕಡತ ಅರಿಜೋನಾದಲ್ಲಿ ಇರಬಹುದು. ಮಾಲೀಕತ್ವ ಒಂದು ಎಲ್‌ಎಲ್‌ಸಿಯ (ಸೀಮಿತ ಹೊಣೆಯ ಕಂಪನಿಯ) ಹೆಸರಿನಲ್ಲಿದ್ದು, ಅದನ್ನು ಡೆಲವೇರ್‌ನಲ್ಲಿ ನೋಂದಾಯಿಸಿದ್ದರೆ ಅಲ್ಲಿಯೂ ಇರಬಹುದು. ಕೇಸ್ ಲೊಕೇಟರ್‌ಗೆ ಹೊಸ ಪ್ರಕರಣಗಳು ಸೇರುವುದು ದಿನಕ್ಕೊಮ್ಮೆ. ಇವತ್ತು ಬೆಳಿಗ್ಗೆ ಹಾಕಿದ ಅರ್ಜಿ ಅದರಲ್ಲಿ ಕಾಣದಿರಬಹುದು, ಆಯಾ ನ್ಯಾಯಾಲಯದ ಪುಟದಲ್ಲಿ ಕಾಣುತ್ತದೆ. ಇದನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಯಾವ ಹೆಸರನ್ನು ಹುಡುಕಬೇಕು ಎಂಬಲ್ಲಿಯೇ ಬಹಳ ಜನ ಎಡವುತ್ತಾರೆ. ನಾನೂ ಎಡವಿದ್ದೇನೆ. ಹತ್ತು ವರ್ಷಕ್ಕೂ ಹಿಂದಿನ ಮಾತು. ಒಬ್ಬ ರೈತರಿಂದ ಜಮೀನು ಕೊಳ್ಳುವವರಿಗಾಗಿ ಹುಡುಕುತ್ತಿದ್ದೆ. ಊರಿನವರೆಲ್ಲ ಕರೆಯುವ ಹೆಸರು, ಒಪ್ಪಂದದ ಮೇಲಿದ್ದ ಹೆಸರು ಎರಡೂ ಒಂದೇ. ಆ ಹೆಸರಿನಲ್ಲಿ ಏನೂ ಸಿಗಲಿಲ್ಲ, ‘ಪ್ರಕರಣ ಇಲ್ಲ’ ಎಂದು ಬರೆದುಕೊಟ್ಟೆ. ಎರಡು ದಿನದ ಮೇಲೆ ಹಿರಿಯ ಸಹೋದ್ಯೋಗಿಯೊಬ್ಬರು ಕ್ರಯಪತ್ರದ ಹಳೆಯ ಪ್ರತಿಯೊಂದನ್ನು ನನ್ನ ಮೇಜಿನ ಮೇಲಿಟ್ಟು ಬೆರಳು ತೋರಿಸಿದರು. ಆ ಮನುಷ್ಯರ ನಿಜವಾದ ಮೊದಲ ಹೆಸರು ಬೇರೆಯೇ ಇತ್ತು, ಜನ ಕರೆಯುತ್ತಿದ್ದುದು ಮಧ್ಯದ ಹೆಸರಿನಿಂದ. ಮೊದಲ ಹೆಸರಿನಲ್ಲಿ ಹುಡುಕಿದ ತಕ್ಷಣ ಕಡತ ಕಣ್ಣಿಗೆ ಬಿತ್ತು, ಅದೂ ಇನ್ನೂ ನಡೆಯುತ್ತಿದ್ದ ಪ್ರಕರಣ. ಅವತ್ತಿನಿಂದ ನಾನು ಒಪ್ಪಂದದ ಹೆಸರನ್ನು ನಂಬುವುದಿಲ್ಲ. ಕ್ರಯಪತ್ರದಲ್ಲಿರುವ ಪೂರ್ಣ ಹೆಸರು, ಗಂಡ ಹೆಂಡತಿ ಇಬ್ಬರ ಹೆಸರು, ಹೆಂಡತಿಯ ತವರಿನ ಮನೆತನದ ಹೆಸರು, ಕೊನೆಗೆ ಹೆಸರಿನ ಕಾಗುಣಿತದ ಒಂದೆರಡು ರೂಪಾಂತರ, ಇಷ್ಟನ್ನು ಹಾಕಿ ನೋಡುತ್ತೇನೆ. ಗಂಡ ಹೆಂಡತಿ ಜಂಟಿಯಾಗಿಯೂ ಅರ್ಜಿ ಹಾಕಬಹುದು, ಒಬ್ಬರೇ ಕೂಡ ಹಾಕಬಹುದು.

ನಿಮ್ಮ ಪ್ರಕರಣದಲ್ಲಿ ಮೋಟೆಲ್ ಯಾರ ಹೆಸರಿನಲ್ಲಿದೆ ಎಂದು ನೀವು ಬರೆದಿಲ್ಲ. ನನ್ನ ಊಹೆ, ಯಾವುದೋ ಎಲ್‌ಎಲ್‌ಸಿಯ ಹೆಸರಿನಲ್ಲಿ. ಹಾಗಿದ್ದರೆ ಆ ಕಂಪನಿಯ ಹೆಸರನ್ನೂ, ಅದರ ಹಿಂದಿರುವ ವ್ಯಕ್ತಿಗಳ ಹೆಸರನ್ನೂ ಬೇರೆ ಬೇರೆಯಾಗಿ ಹುಡುಕಿ. ಕಂಪನಿಯ ಸರಿಯಾದ ಹೆಸರು ಕಂಪನಿಗಳನ್ನು ನೋಂದಾಯಿಸುವ ಕ್ಯಾನ್ಸಸ್‌ನ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಜಾಲತಾಣದಲ್ಲಿ ಸಿಗುತ್ತದೆ. ರಸ್ತೆಯ ಪಕ್ಕದ ಬೋರ್ಡಿನ ಮೇಲಿರುವ ಹೆಸರನ್ನು ನಂಬಿ ಹುಡುಕಿದರೆ ಏನೂ ಸಿಗುವುದಿಲ್ಲ. ‘ಪಾಪರ್ ಆದರು’ ಎಂದು ಊರು ಹೇಳುವಾಗ ಪಾಪರ್ ಆಗಿದ್ದು ಮನುಷ್ಯನೋ ಕಂಪನಿಯೋ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ನಿಮಗೆ ಮಾತ್ರ ಆ ವ್ಯತ್ಯಾಸವೇ ಮುಖ್ಯ.

ಒಂದೇ ಹೆಸರಿನ ಇಬ್ಬರು ಸಿಕ್ಕರೆ ಗಾಬರಿಯಾಗಬೇಡಿ. ಸಾಮಾಜಿಕ ಭದ್ರತಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಮಾತ್ರ ಸಾರ್ವಜನಿಕ ಕಡತದಲ್ಲಿ ಕಾಣುತ್ತದೆ, ಉಳಿದದ್ದನ್ನು ಮರೆಮಾಡುವುದು ನಿಯಮ. ಅರ್ಜಿಯ ಮೊದಲ ಪುಟದಲ್ಲಿಯೇ ವಿಳಾಸ ಇರುತ್ತದೆ, ಹಿಂದಿನ 8 ವರ್ಷಗಳಲ್ಲಿ ಬಳಸಿದ ಬೇರೆ ಹೆಸರುಗಳೂ ಇರುತ್ತವೆ. ಈ ಮೂರನ್ನು ತಾಳೆ ನೋಡದೆ ‘ಇವರೇ ಅವರು’ ಎಂದು ಯಾರ ಮುಂದೆಯೂ ಹೇಳಬೇಡಿ. ಸಣ್ಣ ಊರು, ಮಾತು ನಿಮಗಿಂತ ಮುಂಚೆ ಪೆಟ್ರೋಲ್ ಬಂಕ್ ತಲುಪಿರುತ್ತದೆ.

ಕಂಪ್ಯೂಟರ್ ಬೇಡ ಎನ್ನುವವರಿಗೆ ಒಂದು ಉಚಿತ ದೂರವಾಣಿ ಇದೆ: 866-222-8029. ಹಗಲು ರಾತ್ರಿ ಯಾವಾಗಲೂ ಯಂತ್ರವೇ ಉತ್ತರ ಕೊಡುತ್ತದೆ. ರಾಜ್ಯ, ಹೆಸರು ಹೇಳಿದರೆ ಪ್ರಕರಣ ಸಂಖ್ಯೆ, ದಿವಾಳಿ ಸಂಹಿತೆಯ ಯಾವ ಅಧ್ಯಾಯ, ಟ್ರಸ್ಟಿ (ದಿವಾಳಿಯಾದವರ ಆಸ್ತಿ ನೋಡಿಕೊಳ್ಳಲು ನೇಮಕವಾದವರು) ಯಾರು, ಈಗಿನ ಸ್ಥಿತಿ ಏನು ಎಂಬುದನ್ನು ಓದಿ ಹೇಳುತ್ತದೆ. ನಮ್ಮ ಉಚ್ಚಾರಣೆ ಅದಕ್ಕೆ ಹಿಡಿಸದಿದ್ದರೆ ಗುಂಡಿ ಒತ್ತಿಯೂ ಅಕ್ಷರ ಕೊಡಬಹುದು. ಪ್ರಾಥಮಿಕ ಪರೀಕ್ಷೆಗೆ ಇದು ಸಾಕು, ಕಾಗದ ಓದುವುದಕ್ಕೆ ಸಾಲದು.

ಪ್ರಕರಣ ಸಿಕ್ಕಿತು ಎಂದಿಟ್ಟುಕೊಳ್ಳಿ. ಈಗ ಡಾಕೆಟ್ ತೆರೆಯಿರಿ. ನಮ್ಮ ಕೋರ್ಟುಗಳಲ್ಲಿ ಆರ್ಡರ್ ಶೀಟ್ ಎನ್ನುತ್ತಾರಲ್ಲ, ಅದಕ್ಕೆ ಹತ್ತಿರದ್ದು. ಎಡಗಡೆ ದಿನಾಂಕ, ಮಧ್ಯೆ ಕ್ರಮಸಂಖ್ಯೆ, ಬಲಗಡೆ ಏನು ನಡೆಯಿತು ಎಂಬ ವಿವರ. ಮೇಲ್ಭಾಗದಲ್ಲಿ ಅಧ್ಯಾಯದ ಸಂಖ್ಯೆ ಇರುತ್ತದೆ. 7 ಎಂದರೆ ಇರುವುದನ್ನು ಮಾರಿ ಹಂಚುವುದು. 13 ಎಂದರೆ ಸಂಬಳವೋ ಆದಾಯವೋ ಇರುವ ವ್ಯಕ್ತಿ ಮೂರರಿಂದ ಐದು ವರ್ಷ ಕಂತು ಕಟ್ಟುವುದು. 11 ಹೆಚ್ಚಾಗಿ ವ್ಯಾಪಾರಗಳಿಗೆ. 12 ಎನ್ನುವುದು ರೈತ ಕುಟುಂಬಗಳಿಗೂ ಮೀನುಗಾರ ಕುಟುಂಬಗಳಿಗೂ ಮಾತ್ರ ಇರುವುದು. 1986ರ ಕೃಷಿ ಬಿಕ್ಕಟ್ಟಿನ ಕಾಲದಲ್ಲಿ ತಾತ್ಕಾಲಿಕವಾಗಿ ತಂದದ್ದು 2005ರಲ್ಲಿ ಕಾಯಂ ಆಯಿತು. ಗೋಧಿ ಬೆಳೆಯುವ ಸೀಮೆಯಲ್ಲಿ ಜಮೀನು ಕೊಳ್ಳುವಾಗ ಈ 12ನ್ನು ಮರೆಯಬಾರದು.

ನೀವು ‘ಮೂರು ನಾಲ್ಕು ವರ್ಷದ ಹಿಂದೆ’ ಎಂದಿದ್ದೀರಿ. ಅಧ್ಯಾಯ 7 ಆಗಿದ್ದರೆ ಬಹುಶಃ ಎಲ್ಲ ಮುಗಿದಿರುತ್ತದೆ. 13 ಆಗಿದ್ದರೆ ಆ ಪ್ರಕರಣ ಇವತ್ತಿಗೂ ಜೀವಂತ ಇರಬಹುದು. ಆಗ ಮಾಲೀಕರು ಆಸ್ತಿಯನ್ನು ತಮ್ಮ ಇಷ್ಟಕ್ಕೆ ಮಾರುವಂತಿಲ್ಲ, ನ್ಯಾಯಾಲಯದ ಅನುಮತಿ ಬೇಕು. ಕೇಳಿದ್ದು ಹಳೆಯ ಕಥೆ ಎಂದುಕೊಂಡು ನೀವು ನಡೆಯುತ್ತಿರುವ ಪ್ರಕರಣದ ಒಳಗೆ ಕಾಲಿಡುವ ಅಪಾಯ ಇಲ್ಲಿದೆ.

ಡಾಕೆಟ್‌ನ ಕೊನೆಯಲ್ಲಿ ನೋಡಬೇಕಾದ ಮೂರು ಪದಗಳಿವೆ, ಮೂರನ್ನೂ ಜನ ಒಂದೇ ಎಂದು ತಿಳಿಯುತ್ತಾರೆ. ‘ಡಿಸ್‌ಚಾರ್ಜ್’ ಎಂದರೆ ಋಣಮುಕ್ತಿ: ಆ ಸಾಲಗಳಿಗೆ ಆ ವ್ಯಕ್ತಿಯನ್ನು ಇನ್ನು ಕಾಡುವಂತಿಲ್ಲ. ‘ಡಿಸ್‌ಮಿಸ್’ ಎಂದರೆ ಅರ್ಜಿ ವಜಾ: ಋಣಮುಕ್ತಿ ಸಿಗಲಿಲ್ಲ, ಸಾಲ ಕೊಟ್ಟವರು ಮತ್ತೆ ಬಾಗಿಲಿಗೆ ಬರಬಹುದು. ಕಂತು ಕಟ್ಟಲಾಗದೆ ಅಧ್ಯಾಯ 13ರ ಎಷ್ಟೋ ಅರ್ಜಿಗಳು ಹೀಗೆ ಬಿದ್ದುಹೋಗುತ್ತವೆ. ‘ಕ್ಲೋಸ್ಡ್’ ಎಂದರೆ ಕಚೇರಿ ಕಡತ ಕಟ್ಟಿಟ್ಟಿತು ಎಂದಷ್ಟೇ, ಅದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಬೇಕೆಂದರೆ ಅದನ್ನು ಮತ್ತೆ ತೆರೆಯುವುದಕ್ಕೂ ಅವಕಾಶ ಇದೆ. ಅರ್ಜಿದಾರ ಒಂದು ಎಲ್‌ಎಲ್‌ಸಿಯಾಗಿದ್ದು ಅಧ್ಯಾಯ 7ರಲ್ಲಿ ಹೋಗಿದ್ದರೆ ಡಿಸ್‌ಚಾರ್ಜ್ ಹುಡುಕಬೇಡಿ, ಕಂಪನಿಗೆ ಆ ಅಧ್ಯಾಯದಲ್ಲಿ ಅದು ಸಿಗುವುದೇ ಇಲ್ಲ.

ಕಾಗದಗಳಲ್ಲಿ ನಾನು ಮೊದಲು ತೆರೆಯುವುದು ಆಸ್ತಿಯ ಪಟ್ಟಿ, ಅಂದರೆ ಶೆಡ್ಯೂಲ್ ಎ-ಬಿ. ನೀವು ಕೊಳ್ಳಲಿರುವ ಮೋಟೆಲ್ ಅದರಲ್ಲಿ ಇದೆಯೇ? ಅರ್ಜಿ ಹಾಕುವಾಗ ಅವರದ್ದಾಗಿದ್ದೂ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ದೊಡ್ಡ ಗಂಟು. ಪಟ್ಟಿಯಲ್ಲಿ ತೋರಿಸಿ, ಟ್ರಸ್ಟಿ ಮುಟ್ಟದೆ ಬಿಟ್ಟ ಆಸ್ತಿ ಪ್ರಕರಣ ಮುಚ್ಚಿದಾಗ ಸಾಲಗಾರನಿಗೆ ಮರಳುತ್ತದೆ. ತೋರಿಸದೆ ಮುಚ್ಚಿಟ್ಟದ್ದು ಮರಳುವುದಿಲ್ಲ, ವರ್ಷಗಳ ನಂತರವೂ ಟ್ರಸ್ಟಿ ಬಂದು ಅದು ತನ್ನ ವಶದ್ದು ಎನ್ನಬಹುದು. ಆಮೇಲೆ ಶೆಡ್ಯೂಲ್ ಡಿ: ಅಡಮಾನ ಇಟ್ಟುಕೊಂಡವರ ಪಟ್ಟಿ. ಆಮೇಲೆ ಶೆಡ್ಯೂಲ್ ಸಿ, ಅಂದರೆ ಸಾಲಗಾರ ವಿನಾಯಿತಿ ಕೇಳಿರುವ ಆಸ್ತಿ. ಕ್ಯಾನ್ಸಸ್‌ನಲ್ಲಿ ವಾಸದ ಮನೆಗೆ ಕೊಡುವ ವಿನಾಯಿತಿ ದೇಶದಲ್ಲಿಯೇ ಉದಾರವಾದವುಗಳಲ್ಲಿ ಒಂದು. ಕೃಷಿ ಭೂಮಿಯಾದರೆ 160 ಎಕರೆ, ಊರಿನೊಳಗೆ ಒಂದು ಎಕರೆ, ಬೆಲೆಗೆ ರಾಜ್ಯದ ಕಾನೂನಿನಲ್ಲಿ ಮಿತಿಯಿಲ್ಲ. ಮೋಟೆಲ್ಲಿನ ಹಿಂದಿನ ಮನೆಯಲ್ಲಿಯೇ ಅವರು ವಾಸವಿದ್ದರೆ ಆ ಭಾಗದ ಕಥೆ ಬೇರೆಯಾಗಿರಬಹುದು, ವಕೀಲರಿಗೆ ತೋರಿಸಿ. ಆದಾಯ ಖರ್ಚಿನ ಪಟ್ಟಿಗಳನ್ನು ನಾನು ಓದುವುದಿಲ್ಲ. ಅವರು ತಿಂಗಳಿಗೆ ದಿನಸಿಗೆ ಎಷ್ಟು ಹಾಕುತ್ತಿದ್ದರು ಎಂದು ತಿಳಿದು ನಿಮಗೆ ಆಗಬೇಕಾದ್ದೇನೂ ಇಲ್ಲ.

ಟ್ರಸ್ಟಿಯ ವರದಿಯನ್ನು ಕೂಡ ಹುಡುಕಿ. ‘ಹಂಚುವುದಕ್ಕೆ ಏನೂ ಇಲ್ಲ’ ಎನ್ನುವ ವರದಿ ಸಾಮಾನ್ಯವಾಗಿ ಡಾಕೆಟ್‌ನಲ್ಲಿಯೇ ಒಂದು ಪ್ಯಾರಾ ಆಗಿ ಇರುತ್ತದೆ, ಬೇರೆ ಕಡತ ಇರುವುದಿಲ್ಲ. ಕ್ಲಿಕ್ ಮಾಡುವುದಕ್ಕೆ ಸಂಖ್ಯೆಯೇ ಕಾಣದೆ, ದಾಖಲೆ ಕಳೆದುಹೋಗಿದೆ ಎಂದು ನನಗೆ ಫೋನ್ ಮಾಡಿದವರಿದ್ದಾರೆ.

ಇಷ್ಟೆಲ್ಲ ಆದ ಮೇಲೆ ಕೌಂಟಿ ಮತ್ತೆ ಬರುತ್ತದೆ. ನೀವು ಅಲ್ಲಿಗೆ ಹೋಗಿದ್ದು ವ್ಯರ್ಥವಲ್ಲ, ಕೇಳಿದ ಕಚೇರಿ ಮತ್ತು ಕೇಳಿದ ಪ್ರಶ್ನೆ ಬೇರೆಯಾಗಬೇಕಿತ್ತು. ಕ್ಯಾನ್ಸಸ್‌ನ ಪ್ರತಿ ಕೌಂಟಿಯಲ್ಲಿಯೂ ‘ರಿಜಿಸ್ಟರ್ ಆಫ್ ಡೀಡ್ಸ್’ ಎಂಬ ಕಚೇರಿ ಇದೆ, ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿ ಇದ್ದ ಹಾಗೆ. ಕ್ರಯಪತ್ರ, ಅಡಮಾನ, ತೆರಿಗೆ ಬಾಕಿಯ ಹಕ್ಕು ಇವೆಲ್ಲ ದಾಖಲಾಗುವುದು ಅಲ್ಲಿ. ಋಣಮುಕ್ತಿ ಆದೇಶ ಮನುಷ್ಯನನ್ನು ಬಿಡಿಸುತ್ತದೆ, ಆಸ್ತಿಯ ಮೇಲಿನ ಅಡಮಾನವನ್ನು ತಾನಾಗಿ ಬಿಡಿಸುವುದಿಲ್ಲ. ಪಾಪರ್ ಆದವರ ಬ್ಯಾಂಕ್ ಸಾಲ ‘ಹೋಯಿತು’ ಎಂದು ನಂಬಿ ಕೊಂಡವರು ಅಡಮಾನದ ಸಮೇತ ಕೊಂಡಿರುತ್ತಾರೆ. ಹಾಗಾಗಿ ಶೆಡ್ಯೂಲ್ ಡಿಯಲ್ಲಿ ಕಂಡ ಪ್ರತಿ ಹೆಸರಿಗೂ ಕೌಂಟಿಯ ಪುಸ್ತಕದಲ್ಲಿ ಬಿಡುಗಡೆ ಪತ್ರ ಇದೆಯೇ ಎಂದು ಒಂದೊಂದಾಗಿ ನೋಡಿ. ಇದು ನಮ್ಮೂರಿನ ಇ.ಸಿ. ತೆಗೆಸಿದ ಹಾಗೆಯೇ. ಮಂಚ, ಟಿವಿ, ಬಟ್ಟೆ ಒಗೆಯುವ ಯಂತ್ರಗಳ ಮೇಲಿನ ಸಾಲ ಮಾತ್ರ ಈ ಪುಸ್ತಕದಲ್ಲಿ ಇರುವುದಿಲ್ಲ, ಅದಕ್ಕೆ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ಬೇರೆ ಹುಡುಕಾಟ ಬೇಕು. ಮೋಟೆಲ್ ಕೊಳ್ಳುವವರು ಇದನ್ನು ಮರೆತು ಮಂಚವಿಲ್ಲದ ಕೋಣೆಗಳನ್ನು ಕೊಂಡ ಉದಾಹರಣೆ ನೋಡಿದ್ದೇನೆ.

ಕೌಂಟಿಗೆ ಸಂಬಂಧಿಸಿದ ಇನ್ನೊಂದು ವಿಷಯ ದಿವಾಳಿ ಸಂಹಿತೆಯ 549ನೇ ಸೆಕ್ಷನ್‌ನಲ್ಲಿದೆ. ಅರ್ಜಿ ಹಾಕಿದ ಮೇಲೆ ಸಾಲಗಾರ ಕದ್ದು ಮಾರಿದ ಸ್ಥಿರಾಸ್ತಿಯ ಮಾರಾಟವನ್ನು ಟ್ರಸ್ಟಿ ರದ್ದು ಮಾಡಿಸಬಹುದು. ಪ್ರಕರಣ ಇದೆ ಎಂದು ಗೊತ್ತಿಲ್ಲದೆ, ಪ್ರಾಮಾಣಿಕವಾಗಿ, ನ್ಯಾಯವಾದ ಬೆಲೆ ಕೊಟ್ಟು ಕೊಂಡವರಿಗೆ ರಕ್ಷಣೆ ಇದೆ. ಆದರೆ ಅಷ್ಟರೊಳಗೆ ಅರ್ಜಿಯ ಪ್ರತಿಯನ್ನೋ ಸೂಚನೆಯನ್ನೋ ಆ ಆಸ್ತಿಯ ಕೌಂಟಿಯಲ್ಲಿ ದಾಖಲಿಸಿದ್ದರೆ ಆ ರಕ್ಷಣೆಯೂ ಇಲ್ಲ. ಎಲ್ಲ ಟ್ರಸ್ಟಿಗಳೂ ದಾಖಲಿಸುವುದಿಲ್ಲ. ದಾಖಲಿಸಿದ್ದರೆ ಆ ಕಾಗದ ಸಿಗುವುದು ಕಾಲ್ಬಿಯ ರಿಜಿಸ್ಟರ್ ಆಫ್ ಡೀಡ್ಸ್ ಕಚೇರಿಯಲ್ಲಿಯೇ. ಕಾಫಿ ಕುಡಿಯುವಾಗ ಆ ಮಾತು ಕಿವಿಗೆ ಬಿದ್ದ ಮೇಲೆ ‘ನನಗೇನೂ ಗೊತ್ತಿರಲಿಲ್ಲ’ ಎನ್ನುವ ದಾರಿ ನಿಮಗೆ ಸ್ವಲ್ಪ ಕಿರಿದಾಗಿದೆ ಎಂಬುದನ್ನೂ ಹೇಳಬೇಕು.

ದೇಶವೆಲ್ಲ ಹುಡುಕಿದರೂ ಏನೂ ಸಿಗದಿದ್ದರೆ? ಆಗ ಊರು ಪಾಪರ್ ಎಂದು ಕರೆದದ್ದು ಬೇರೇನನ್ನೋ ಇರಬೇಕು. ಬ್ಯಾಂಕ್ ಅಡಮಾನದ ಮೇಲೆ ದಾವೆ ಹೂಡಿ ಶೆರಿಫ್ ಹರಾಜು ಹಾಕಿದ್ದನ್ನೂ ಜನ ಪಾಪರ್ ಎನ್ನುತ್ತಾರೆ. ಅದು ರಾಜ್ಯದ ವಿಷಯ. ಕ್ಯಾನ್ಸಸ್‌ನಲ್ಲಿ ಜಪ್ತಿ ಮಾಡುವುದಕ್ಕೆ ಕೋರ್ಟಿನಲ್ಲಿಯೇ ದಾವೆ ಹೂಡಬೇಕು, ಅದರ ಕಡತ ನೀವು ಹೋಗಿದ್ದ ಕೌಂಟಿ ಕೋರ್ಟಿನಲ್ಲಿಯೇ ಇರುತ್ತದೆ! ದಿವಾಳಿ ಎಂಬ ಪದ ಬಳಸಿ ಕೇಳಿದ್ದರಿಂದ ಗುಮಾಸ್ತೆ ಇಲ್ಲ ಎಂದಿರಬಹುದು. ಮಾಲೀಕರ ಹೆಸರಿನಲ್ಲಿ ಯಾವುದಾದರೂ ಸಿವಿಲ್ ದಾವೆ ಇದೆಯೇ ಎಂದು ಕೇಳಿ ನೋಡಿ. ಹರಾಜಾದ ಆಸ್ತಿಯನ್ನು ಹಳೆಯ ಮಾಲೀಕ ಹಣ ಕಟ್ಟಿ ಬಿಡಿಸಿಕೊಳ್ಳುವುದಕ್ಕೆ ಅಲ್ಲಿ ಸಾಮಾನ್ಯವಾಗಿ 12 ತಿಂಗಳವರೆಗೂ ಅವಕಾಶ ಇರುತ್ತದೆ, ಕೆಲವು ಸಂದರ್ಭಗಳಲ್ಲಿ ಅದು 3 ತಿಂಗಳಿಗೆ ಇಳಿಯುತ್ತದೆ. ಹಾಗಾಗಿ ಹರಾಜಿನ ದಿನಾಂಕವನ್ನು ಬರೆದುಕೊಂಡು ಬನ್ನಿ. ರಾಜ್ಯದ ಕೋರ್ಟುಗಳಿಗೂ ಜಾಲತಾಣ ಇದೆ, ಆದರೂ ನಾನು ಗುಮಾಸ್ತೆಯ ಮೇಜಿನ ಮುಂದೆ ನಿಲ್ಲುವುದನ್ನೇ ಬಯಸುತ್ತೇನೆ. 2023ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಾಗಿ ಕ್ಯಾನ್ಸಸ್‌ನ ರಾಜ್ಯ ಕೋರ್ಟುಗಳ ವ್ಯವಸ್ಥೆ ವಾರಗಟ್ಟಲೆ ನಿಂತುಹೋದಾಗ ಕಾಗದ, ಪೆನ್ನು ಹಿಡಿದೇ ಕೆಲಸ ನಡೆದದ್ದು.

ಇದೇ ಕೌಂಟಿಯ ಅಜ್ಜನ ಕಾಲದ ಜಮೀನಿನ ಚರಿತ್ರೆ ಬೇಕೆನ್ನುವವರಿಗೆ ಒಂದು ಮಾತು. ಪೇಸರ್‌ನಲ್ಲಿ ಕಾಗದಗಳ ಪ್ರತಿ ಸಿಗುವುದು ಹೆಚ್ಚುಕಡಿಮೆ 2001ರಿಂದ ಈಚೆಗೆ. ಅದಕ್ಕೂ ಹಿಂದಿನ ಕಾಗದಗಳು ಫೆಡರಲ್ ದಾಖಲೆ ಕೇಂದ್ರಗಳಿಗೆ ಹೋಗಿವೆ. 1898ರ ಕಾಯ್ದೆಯ ಕಾಲದ ಕಡತಗಳಿಗೆ ರಾಷ್ಟ್ರೀಯ ಪತ್ರಾಗಾರವನ್ನು ಕೇಳಬೇಕು, ಕ್ಯಾನ್ಸಸ್‌ನವು ಅದರ ಕ್ಯಾನ್ಸಸ್ ಸಿಟಿ ಶಾಖೆಯಲ್ಲಿವೆ, ಆ ಶಾಖೆ ಇರುವುದು ಮಿಸೌರಿಯ ಕಡೆಯಲ್ಲಿ. 1930ರ ದಶಕದಲ್ಲಿ ದೂಳಿನ ಬಿರುಗಾಳಿ ಎದ್ದು ಗೋಧಿ ಹೋದಾಗ ಪಶ್ಚಿಮ ಕ್ಯಾನ್ಸಸ್‌ನ ರೈತರಿಗೆಂದು ಬೇರೆ ಕಲಮುಗಳೇ ಬಂದವು, ಆಗ ಕೌಂಟಿ ಕೌಂಟಿಗೂ ರಾಜಿ ಕಮಿಷನರ್‌ಗಳನ್ನು ನೇಮಿಸುತ್ತಿದ್ದರು. ದಿವಾಳಿಯ ವಿಷಯದಲ್ಲಿ ಕೌಂಟಿಗೆ ಏನಾದರೂ ಪಾತ್ರ ಇದ್ದದ್ದು ಆ ಕಾಲದಲ್ಲಿ.

ಇನ್ನು ಆ 40 ಡಾಲರ್. ಕೊಡಬೇಡಿ. ಅವರು ತರುವುದು ಇದೇ ಪೇಸರ್‌ನಿಂದ, ಅದೂ ನೀವು ಕೊಟ್ಟ ಒಂದೇ ಹೆಸರಿನಲ್ಲಿ. ಹಳೆಯ ಕ್ರಯಪತ್ರ ತೆಗೆದು ಮಧ್ಯದ ಹೆಸರು ನೋಡುವ ತಾಳ್ಮೆ ಅವರಿಗೆ ಇರುವುದಿಲ್ಲ. ಪೇಸರ್‌ಗಿಂತಲೂ ಮೊದಲು ‘ಕೋರ್ಟ್‌ಲಿಸನರ್’ ಎಂಬ ಉಚಿತ ಜಾಲತಾಣವನ್ನು ಒಮ್ಮೆ ನೋಡಿ. ಬೇರೆಯವರು ದುಡ್ಡು ಕೊಟ್ಟು ತೆಗೆದ ಕಾಗದಗಳನ್ನು ಅಲ್ಲಿ ಸೇರಿಸಿಡುತ್ತಾರೆ, ದೊಡ್ಡ ಪ್ರಕರಣಗಳು ಹೆಚ್ಚು. ಹಳ್ಳಿಯ ಮೋಟೆಲ್ಲಿನ ಪ್ರಕರಣ ಅಲ್ಲಿ ಸಿಗುವ ಸಾಧ್ಯತೆ ಕಡಿಮೆ, ನೋಡುವುದಕ್ಕೆ ಖರ್ಚಂತೂ ಇಲ್ಲ. ಆ 40 ಡಾಲರ್ ಉಳಿಸಿ ಟೈಟಲ್ ಕಂಪನಿಗೆ, ಅಂದರೆ ಆಸ್ತಿಯ ಹಕ್ಕುಪತ್ರ ಪರಿಶೀಲಿಸಿ ಅದಕ್ಕೆ ವಿಮೆ ಕೊಡುವವರಿಗೆ, ಕೊಡುವ ಹಣದ ಜೊತೆ ಸೇರಿಸಿ. ಅವರೂ ದಿವಾಳಿ ಹುಡುಕಾಟ ಮಾಡುತ್ತಾರೆ, ತಪ್ಪಾದರೆ ಪಾಲಿಸಿಯ ಷರತ್ತಿನ ಪ್ರಕಾರ ಹೊಣೆಯನ್ನೂ ಹೊರುತ್ತಾರೆ. ನಿಮಗೆ ಸಿಕ್ಕ ಪ್ರಕರಣ ಸಂಖ್ಯೆಯನ್ನು ಅವರಿಂದ ಮುಚ್ಚಿಡಬೇಡಿ. ಅವರು ದೃಢೀಕೃತ ಪ್ರತಿ ಕೇಳಿದರೆ ಪೇಸರ್‌ನ ಮುದ್ರಣ ಸಾಲದು, ನ್ಯಾಯಾಲಯದ ಗುಮಾಸ್ತರಿಗೆ ಬರೆದು ಮುದ್ರೆ ಹಾಕಿಸಿ ತರಿಸಬೇಕು. ಅದಕ್ಕೆ ಬೇರೆ ಶುಲ್ಕ, ಕೆಲವು ದಿನದ ಸಮಯವೂ ಹಿಡಿಯುತ್ತದೆ.

ಇವತ್ತು ಹುಡುಕಿ ಎಲ್ಲ ಸರಿಯಿದೆ ಎಂದು ಕಂಡರೂ ನೋಂದಣಿಗೆ ಇನ್ನೂ ವಾರಗಳಿರುತ್ತವೆ. ಸಾಲದಲ್ಲಿರುವವರು ಅರ್ಜಿ ಹಾಕುವುದು ಎಷ್ಟೋ ಸಲ ಆ ನಡುವಿನ ವಾರಗಳಲ್ಲಿಯೇ. ಅದಕ್ಕೆ ನೋಂದಣಿಯ ದಿನ ಬೆಳಿಗ್ಗೆ, ಚೆಕ್ಕಿಗೆ ಸಹಿ ಹಾಕುವ ಮುನ್ನ, ಕೇಸ್ ಲೊಕೇಟರ್ ಬಿಟ್ಟು ನೇರವಾಗಿ ಕ್ಯಾನ್ಸಸ್ ದಿವಾಳಿ ನ್ಯಾಯಾಲಯದ ಪುಟದಲ್ಲಿ ಅದೇ ಹೆಸರುಗಳನ್ನು ಇನ್ನೊಮ್ಮೆ ಹಾಕಿ ನೋಡಿ. ಮಾರುವವರು ವಾಸವಿರುವುದು ಬೇರೆ ರಾಜ್ಯದಲ್ಲಾದರೆ ಅಲ್ಲಿಯ ಪುಟದಲ್ಲಿಯೂ ನೋಡಿ. ಹೆಸರಿಗೆ ಹತ್ತು ಸೆಂಟ್.